ತುರ್ತು ಚಿಕಿತ್ಸಾ ವಿಭಾಗಕ್ಕೆ ರೋಗಿಯನ್ನು ಕರೆದೊಯ್ಯುವವರಿಗೆ: ಬಾಗಿಲಿನಿಂದ ಬಿಡುಗಡೆಯ ಚೀಟಿಯವರೆಗೆ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. "ನಮಗಿಂತ ಅರ್ಧ ಗಂಟೆ ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದುಕೊಂಡರು, ಇದು ಯಾವ ನ್ಯಾಯ?" "ಮುಂಗಡ ಕಟ್ಟುವವರೆಗೆ ರೋಗಿಯನ್ನು ಮುಟ್ಟುವುದಿಲ್ಲ ಎಂದರೆ ಏನು ಮಾಡಬೇಕು?" "ಪೊಲೀಸ್ ಕೇಸು ಎಂದು ಬರೆದುಕೊಂಡರು, ನಮಗೇನಾದರೂ ತೊಂದರೆಯಾಗುತ್ತದೆಯೇ?" ಮೊದಲು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಆಮೇಲೆ ನಗರದ ಖಾಸಗಿ ಆಸ್ಪತ್ರೆಯಲ್ಲಿ ಹಲವು ವರ್ಷ ರಾತ್ರಿ ಪಾಳಿ ಮಾಡಿದ ನನಗೆ ಈ ಮೂರೂ ಪ್ರಶ್ನೆಗಳು ಹೊಸವಲ್ಲ. ಕರ್ನಾಟಕದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಜನ ಕ್ಯಾಶುವಾಲ್ಟಿ ಎಂದೋ ಎಮರ್ಜೆನ್ಸಿ ಎಂದೋ ಕರೆಯುವ ಈ ವಿಭಾಗದಲ್ಲಿ ಕಾಯಿಲೆ ಪೂರ್ತಿ ವಾಸಿಯಾಗಲಿ ಎಂದು ಯಾರೂ ನಿರೀಕ್ಷಿಸುವಂತಿಲ್ಲ. ಜೀವ ಉಳಿಸುವುದು, ಅಪಾಯ ಎಲ್ಲಿದೆ ಎಂದು ಪತ್ತೆ ಹಚ್ಚುವುದು, ಮುಂದೆ ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವುದು, ಇಷ್ಟೇ ಅಲ್ಲಿನ ಕೆಲಸ. ಈ ಮೂರರಲ್ಲಿ ಎರಡನೆಯದು ರೋಗಿಯ ಜೊತೆ ಬಂದವರ ಬಾಯಿಂದ ಬರುವ ಮಾಹಿತಿಯನ್ನು ಬಹುವಾಗಿ ಅವಲಂಬಿಸಿದೆ. ಆದ್ದರಿಂದ ಈ ಲೇಖನವನ್ನು ರೋಗಿಗಿಂತ ಹೆಚ್ಚಾಗಿ ಆಸ್ಪತ್ರೆಯ ಭಾಷೆಯಲ್ಲಿ 'ಅಟೆಂಡರ್' ಎನಿಸಿಕೊಳ್ಳುವ ನಿಮ್ಮನ್ನು ಉದ್ದೇಶಿಸಿ ಬರೆದಿದ್ದೇನೆ.

1. ಹೊರಡುವ ಮುನ್ನ

ಎದೆನೋವು ಅಥವಾ ಎದೆ ಹಿಂಡಿದಂತಾಗಿ ಬೆವರುವುದು, ಉಸಿರಾಟದ ತೊಂದರೆ, ಬಾಯಿ ಓರೆಯಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಅಥವಾ ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ನಿಲ್ಲದ ಫಿಟ್ಸ್, ನಿಲ್ಲದ ರಕ್ತಸ್ರಾವ, ವಿಷಸೇವನೆ, ಹಾವಿನ ಕಡಿತ, ಗರ್ಭಿಣಿಗೆ ರಕ್ತಸ್ರಾವ ಅಥವಾ ಫಿಟ್ಸ್, ತಲೆಗೆ ಪೆಟ್ಟಾಗಿ ವಾಂತಿ: ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿದರೆ 'ಆರೋಗ್ಯ ಕವಚ' ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. 112ಕ್ಕೂ ಕರೆ ಮಾಡಬಹುದು. ಫೋನಿನಲ್ಲಿ ಊರಿನ ಹೆಸರು ಹೇಳಿ ಇಟ್ಟುಬಿಡಬೇಡಿ. ತಾಲ್ಲೂಕು, ಹತ್ತಿರದ ದೇವಸ್ಥಾನವೋ ಶಾಲೆಯೋ ಬಸ್ ನಿಲ್ದಾಣವೋ, ಇವನ್ನು ಹೇಳಿ ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಎಷ್ಟಿವೆ ಎಂಬುದು ನಿಮಗೂ ಗೊತ್ತಿದೆ.

ಯಾವ ಆಸ್ಪತ್ರೆಗೆ ಹೋಗಬೇಕು ಎಂಬಲ್ಲಿ ದೊಡ್ಡ ತಪ್ಪು ನಡೆಯುತ್ತದೆ. ಎದೆನೋವಿನ ರೋಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ದಾರಿಯಲ್ಲೇ ಸಿಗುವ ತಾಲ್ಲೂಕು ಆಸ್ಪತ್ರೆಯನ್ನು ದಾಟಿ, ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ನಗರಕ್ಕೆ ಓಡುವವರಿದ್ದಾರೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷವೂ ಸ್ನಾಯು ಸಾಯುತ್ತಿರುತ್ತದೆ. ಆ ಚುಚ್ಚುಮದ್ದು ಹತ್ತು ಕಿಲೋಮೀಟರ್ ದೂರದಲ್ಲಿ ಸಿಗುವಾಗ ಎಪ್ಪತ್ತು ಕಿಲೋಮೀಟರ್ ಓಡುವುದರಲ್ಲಿ ಅರ್ಥವಿಲ್ಲ. ಹಾವಿನ ಕಡಿತಕ್ಕೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ವಿಷನಿರೋಧಕ ಔಷಧಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಇಟ್ಟಿರುತ್ತಾರೆ. ಪಾರ್ಶ್ವವಾಯುವಿಗೆ ಮಾತ್ರ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯೇ ಬೇಕು, ಏಕೆಂದರೆ ಮೆದುಳಿನಲ್ಲಿ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಇಲ್ಲದೆ ತಿಳಿಯುವುದಿಲ್ಲ, ಎರಡರ ಚಿಕಿತ್ಸೆಯೂ ಒಂದಕ್ಕೊಂದು ತದ್ವಿರುದ್ಧ.

ಜೊತೆಗೆ ಒಯ್ಯಬೇಕಾದವು ಹೆಚ್ಚೇನಿಲ್ಲ. ರೋಗಿ ದಿನವೂ ನುಂಗುವ ಮಾತ್ರೆಗಳ ಪಟ್ಟಿಗಳನ್ನೇ (ಚೀಟಿಯನ್ನಲ್ಲ, ಮಾತ್ರೆಗಳನ್ನೇ) ಒಂದು ಚೀಲಕ್ಕೆ ಹಾಕಿಕೊಳ್ಳಿ. "ಬಿಪಿಗೆ ಒಂದು ಸಣ್ಣ ಬಿಳಿ ಮಾತ್ರೆ ತಗೋತಾರೆ" ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಬಿಳಿ ಮಾತ್ರೆಗಳು ನೂರಾರು ಇವೆ. ಹಳೆಯ ಇಸಿಜಿ, ಹಿಂದಿನ ಬಿಡುಗಡೆಯ ಚೀಟಿ, ಗರ್ಭಿಣಿಯಾದರೆ ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿ, ವಿಮೆಯ ಕಾರ್ಡ್, ಫೋನಿನ ಚಾರ್ಜರ್, ಸ್ವಲ್ಪ ನಗದು. ಅನೇಕ ಆಸ್ಪತ್ರೆಗಳಲ್ಲಿ ಔಷಧಿ ಅಂಗಡಿ ನೆಲಮಾಳಿಗೆಯಲ್ಲಿರುತ್ತದೆ, ಅಲ್ಲಿ ನೆಟ್‌ವರ್ಕ್ ಸಿಗದೆ ಫೋನ್‌ಪೇ ತಿರುಗುತ್ತಲೇ ಇರುತ್ತದೆ. ದಾಖಲೆ ಹುಡುಕುವುದಕ್ಕಾಗಿ ಮಾತ್ರ ಹೊರಡುವುದನ್ನು ತಡ ಮಾಡಬೇಡಿ. ಇನ್ನೊಬ್ಬರು ಆಮೇಲೆ ತರಬಹುದು.

ದಾರಿಯಲ್ಲಿ ಮಾಡಬಾರದ ಕೆಲವು ಸಂಗತಿಗಳಿವೆ:

ರೋಗಿಗೆ ಊಟ, ನೀರು, "ಒಂದು ಗುಟುಕು ಕಾಫಿ" ಯಾವುದೂ ಬೇಡ. ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿಯಿರಬೇಕು. ಪಾರ್ಶ್ವವಾಯುವಾದವರಿಗೆ ನುಂಗುವ ಶಕ್ತಿಯೇ ಇಲ್ಲದೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಪ್ರಜ್ಞೆಯಿದ್ದು ಚೆನ್ನಾಗಿ ನುಂಗಬಲ್ಲ ಸಕ್ಕರೆ ಕಾಯಿಲೆಯವರು ಬೆವರಿ ನಡುಗುತ್ತಿದ್ದರೆ ಸಕ್ಕರೆ ನೀರು ಕೊಡುವುದೊಂದು ವಿನಾಯಿತಿ.

ಹಾವು ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಹಾವನ್ನು ಕೊಂದು ಡಬ್ಬಿಯಲ್ಲಿ ತರುವ ಸಾಹಸವೂ ಬೇಡ.

ಕ್ರಿಮಿನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿಯ ಬಾಟಲಿಯನ್ನೋ ಡಬ್ಬಿಯನ್ನೋ ಹೆಸರಿನ ಚೀಟಿ ಸಮೇತ ತನ್ನಿ. ಖಾಲಿಯಾಗಿದ್ದರೂ ತನ್ನಿ.

ನಾಯಿ ಕಚ್ಚಿದ್ದರೆ ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದ ಮೇಲೆ ಹೊರಡಿ. ತೊಳೆಯುವುದೇ ಅದರ ಮೊದಲ ಚಿಕಿತ್ಸೆ.

2. ಬಾಗಿಲಲ್ಲಿ ಮೊದಲ ಎರಡು ನಿಮಿಷ

ಸ್ಟ್ರೆಚರ್ ಒಳಗೆ ಹೋಗುತ್ತಿದ್ದಂತೆ ಒಬ್ಬ ಸಿಸ್ಟರ್ ಅಥವಾ ಡ್ಯೂಟಿ ಡಾಕ್ಟರ್ "ಏನಾಯ್ತು?" ಎಂದು ಕೇಳುತ್ತಾರೆ. ಅವರು ಆಗ ಮಾಡುತ್ತಿರುವ ಕೆಲಸಕ್ಕೆ ಟ್ರಯಾಜ್ ಎನ್ನುತ್ತಾರೆ, ಅಂದರೆ ಬಂದ ರೋಗಿಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸುವುದು. ನಾಡಿ, ರಕ್ತದೊತ್ತಡ, ಉಸಿರಾಟದ ವೇಗ, ಬೆರಳಿಗೆ ಕ್ಲಿಪ್ ಸಿಕ್ಕಿಸಿ ನೋಡುವ ಆಮ್ಲಜನಕದ ಮಟ್ಟ, ಬೆರಳು ಚುಚ್ಚಿ ನೋಡುವ ಸಕ್ಕರೆ, ಕರೆದರೆ ಓಗೊಡುತ್ತಾರೆಯೇ ಎಂಬುದು, ಇವುಗಳ ಮೇಲೆ ರೋಗಿಗೆ ಒಂದು ಬಣ್ಣ ನಿಗದಿಯಾಗುತ್ತದೆ. ಕೆಂಪು ಎಂದರೆ ಈಗಲೇ ನೋಡದಿದ್ದರೆ ಜೀವಕ್ಕೆ ಅಪಾಯ. ಹಳದಿ ಎಂದರೆ ಬೇಗ ನೋಡಬೇಕು, ಆದರೆ ಸ್ವಲ್ಪ ತಡೆಯಬಹುದು. ಹಸಿರು ಎಂದರೆ ಕಾಯಬಹುದು. ಕೆಲವು ಆಸ್ಪತ್ರೆಗಳಲ್ಲಿ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ, ಕೆಲವೆಡೆ ನೆಲದ ಮೇಲೆ ಬಣ್ಣದ ಗೆರೆಗಳಿರುತ್ತವೆ, ಸಣ್ಣ ಆಸ್ಪತ್ರೆಗಳಲ್ಲಿ ಏನೂ ಇಲ್ಲದೆ ಸಿಸ್ಟರ್ ತಲೆಯಲ್ಲೇ ಈ ಲೆಕ್ಕ ನಡೆಯುತ್ತಿರುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಇದೇ. ಇಲ್ಲಿ ಸರದಿಯು ಬಂದ ಹೊತ್ತನ್ನು ನೋಡಿ ಬರುವುದಿಲ್ಲ. ಕೈ ಮುರಿದು ಚೀರುತ್ತಿರುವ ಯುವಕನನ್ನು ಬಿಟ್ಟು, ಏನೂ ಮಾತನಾಡದೆ ಗೋಡೆಗೊರಗಿ ಬೆವರುತ್ತ ಕುಳಿತ ಐವತ್ತೈದರ ಮನುಷ್ಯನನ್ನು ಮೊದಲು ಒಳಗೆ ಒಯ್ಯುತ್ತಾರೆ. ಚೀರುವವನ ಉಸಿರಾಟ ಸರಿಯಿದೆ ಎಂಬುದಕ್ಕೆ ಅವನ ಚೀರಾಟವೇ ಸಾಕ್ಷಿ. ಆದರೆ ಕಾಯುತ್ತಿರುವಾಗ ನಿಮ್ಮ ರೋಗಿಯ ಸ್ಥಿತಿ ಬದಲಾದರೆ, ನೋವು ಹೆಚ್ಚಾದರೆ, ಮಂಪರು ಹತ್ತಿದರೆ, ಉಸಿರು ಹೆಚ್ಚಾದರೆ ಸಂಕೋಚವಿಲ್ಲದೆ ಎದ್ದುಹೋಗಿ ಹೇಳಿ. ಒಮ್ಮೆ ಹಸಿರು ಎಂದ ರೋಗಿ ಹಸಿರಾಗಿಯೇ ಉಳಿಯಬೇಕೆಂದಿಲ್ಲ. "ಎಷ್ಟು ಹೊತ್ತು ಕಾಯಿಸ್ತೀರಾ?" ಎಂದು ಕೂಗಿದರೆ ಯಾರೂ ತಿರುಗಿ ನೋಡದಿರಬಹುದು, "ಆಗಿನಿಂದ ಎರಡು ಸಲ ವಾಂತಿಯಾಯಿತು, ಈಗ ಕಣ್ಣು ಬಿಡುತ್ತಿಲ್ಲ" ಎಂದರೆ ತಕ್ಷಣ ನೋಡುತ್ತಾರೆ.

ಏನು ಹೇಳಬೇಕು ಎಂಬುದನ್ನು ದಾರಿಯಲ್ಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳಿ: ಏನು ತೊಂದರೆ, ಯಾವ ಗಂಟೆಗೆ ಶುರುವಾಯಿತು, ಮೊದಲಿನಿಂದ ಯಾವ ಕಾಯಿಲೆಗಳಿವೆ, ಯಾವ ಔಷಧಿ ಒಗ್ಗುವುದಿಲ್ಲ. ಇವುಗಳಲ್ಲಿ ಗಂಟೆಯೇ ಮುಖ್ಯ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುತ್ತಾರೆ. "ಬೆಳಿಗ್ಗೆಯಿಂದ ಹೀಗಿದೆ" ಎನ್ನುವ ಬದಲು "ರಾತ್ರಿ 10ಕ್ಕೆ ಊಟ ಮಾಡಿ ಮಲಗುವಾಗ ಸರಿಯಿದ್ದರು, 3 ಗಂಟೆಗೆ ಬಚ್ಚಲಿಗೆ ಎದ್ದಾಗ ನಡೆದಾಡಿದರು, 5:30ಕ್ಕೆ ಎದ್ದಾಗ ಬಲಗೈ ಎತ್ತಲಾಗಲಿಲ್ಲ" ಎಂದು ಹೇಳಿದರೆ, ಆ ಮೂರು ಗಂಟೆಯ ಹೊತ್ತಿನ ಬಚ್ಚಲಿನ ನೆನಪೇ ಚುಚ್ಚುಮದ್ದು ಕೊಡಬಹುದೇ ಇಲ್ಲವೇ ಎಂಬುದನ್ನು ನಿರ್ಧರಿಸಬಹುದು. ರೋಗಿಯ ಜೊತೆ ಇದ್ದು ಕಣ್ಣಾರೆ ಕಂಡವರೇ ಮಾತನಾಡಲಿ. ಊರಿನ ಹಿರಿಯರೆಂದೋ ಇಂಗ್ಲಿಷ್ ಬಲ್ಲವರೆಂದೋ ಬೇರೆಯವರನ್ನು ಮುಂದೆ ಬಿಟ್ಟರೆ ಮಾಹಿತಿ ಸೋರಿಹೋಗುತ್ತದೆ. ಕುಡಿದಿದ್ದರೆ ಕುಡಿದಿದ್ದಾರೆ ಎಂದು ಹೇಳಿ. ನಾಟಿ ಔಷಧಿ ಕೊಟ್ಟಿದ್ದರೆ ಅದನ್ನೂ ಹೇಳಿ. ಬೈಸಿಕೊಳ್ಳಬೇಕಾದೀತು, ಆದರೂ ಹೇಳಿ.

3. ನೋಂದಣಿ ಮತ್ತು ಹಣ

ರೋಗಿ ಒಳಗೆ ಹೋದ ಮೇಲೆ ನಿಮ್ಮನ್ನು ಕೌಂಟರಿಗೆ ಕಳಿಸಿ ಹೆಸರು, ವಯಸ್ಸು, ವಿಳಾಸ ಬರೆಸಿ ಒಂದು ಸಂಖ್ಯೆ ಕೊಡುತ್ತಾರೆ. ಮುಂದೆ ರಕ್ತಪರೀಕ್ಷೆ, ಸ್ಕ್ಯಾನ್, ಔಷಧಿ ಎಲ್ಲಕ್ಕೂ ಆ ಸಂಖ್ಯೆಯೇ ಆಧಾರ, ಆದ್ದರಿಂದ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಸಿ. ಮನೆಯಲ್ಲಿ ಪುಟ್ಟಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ ಎಂದಾದರೆ ವಿಮೆಯ ಹೊತ್ತಿಗೆ ಅಲೆದಾಟ ತಪ್ಪಿದ್ದಲ್ಲ.

ಮುಂಗಡದ ಪ್ರಶ್ನೆಗೆ ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಕಾರು ಡಿಕ್ಕಿ ಹೊಡೆದ ಸ್ಕೂಟರ್ ಸವಾರರೊಬ್ಬರನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳದೆ, ಪೊಲೀಸ್ ಪ್ರಕರಣಗಳನ್ನು ನೋಡುವ ಸುಮಾರು 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಕಳಿಸಿದಾಗ ಅವರು ದಾರಿಯಲ್ಲೇ ತೀರಿಕೊಂಡರು ಎಂಬ ವರದಿಯಿಂದ ಹುಟ್ಟಿದ ಪರಮಾನಂದ ಕಟಾರಾ ಪ್ರಕರಣದಲ್ಲಿ, ಜೀವ ಉಳಿಸುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರೆಲ್ಲರ ಕರ್ತವ್ಯ, ಅದಕ್ಕೆ ಯಾವ ಕಾಗದಪತ್ರವೂ ಅಡ್ಡಿಯಾಗಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯೂ, ಆಮೇಲೆ ಅದಕ್ಕೆ ತಂದ ತಿದ್ದುಪಡಿಯೂ, ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಒತ್ತಾಯಿಸಬಾರದು ಎನ್ನುತ್ತವೆ. ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿಗಾಗಿ ಶವ ಹಿಡಿದಿಟ್ಟುಕೊಳ್ಳುವುದನ್ನೂ ಅದೇ ಕಾಯ್ದೆ ತಡೆಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಮುಂಗಡ ಕೇಳಬಾರದು ಎಂದರೆ ಚಿಕಿತ್ಸೆ ಉಚಿತ ಎಂದು ಅರ್ಥವಲ್ಲ. ಪ್ರಾಣಾಪಾಯ ತಪ್ಪಿಸುವ ಮೊದಲ ಚಿಕಿತ್ಸೆಯನ್ನು ಹಣಕ್ಕಾಗಿ ತಡೆಯಬಾರದು ಎಂಬುದಷ್ಟೇ ನಿಯಮ. ಖಾಸಗಿ ಆಸ್ಪತ್ರೆಯಲ್ಲಿ ಬಿಲ್ಲು ಬಂದೇ ಬರುತ್ತದೆ. ಆದ್ದರಿಂದ ರೋಗಿಯ ಸ್ಥಿತಿ ಹತೋಟಿಗೆ ಬಂದ ಕೂಡಲೇ ಒಟ್ಟು ಅಂದಾಜು ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಕೇಳಲು ಮುಜುಗರಪಟ್ಟು ಮೂರನೆಯ ದಿನ ಗಾಬರಿಗೊಳ್ಳುವವರನ್ನು ಬಹಳ ನೋಡಿದ್ದೇನೆ. ನಿಮ್ಮ ಕೈಗೆ ಮೀರಿದ ಖರ್ಚೆಂದು ಕಂಡರೆ ಆಗಲೇ ಹೇಳಿದರೆ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಲು ಸಮಯವಿರುತ್ತದೆ. ತಕರಾರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಸಿಟ್ಟಿನಲ್ಲಿ ಗಾಜು ಒಡೆಯುವುದು, ಸಿಬ್ಬಂದಿಯ ಮೇಲೆ ಕೈ ಮಾಡುವುದು ರಾಜ್ಯದ 2009ರ ಕಾಯ್ದೆಯ ಪ್ರಕಾರ ಜಾಮೀನುರಹಿತ ಅಪರಾಧ. ಅಂಥ ಗಲಾಟೆ ನಡೆದಷ್ಟು ಹೊತ್ತು ಒಳಗಿನ ರೋಗಿಗಳನ್ನು ನೋಡುವವರು ಯಾರೂ ಇರುವುದಿಲ್ಲ, ನಿಮ್ಮವರೂ ಅವರಲ್ಲಿ ಒಬ್ಬರು.

4. ಹಾಸಿಗೆಯ ಬಳಿ: ಏನೇನು ಮಾಡುತ್ತಾರೆ, ಏಕೆ ತಡವಾಗುತ್ತದೆ

ಸಾಮಾನ್ಯವಾಗಿ ಮೊದಲು ಕೈಗೊಂದು ಕ್ಯಾನುಲಾ ಹಾಕುತ್ತಾರೆ, ಅಂದರೆ ರಕ್ತನಾಳದಲ್ಲಿ ಕೂರುವ ಸಣ್ಣ ಪ್ಲಾಸ್ಟಿಕ್ ನಳಿಕೆ. ಅದರಿಂದಲೇ ಪರೀಕ್ಷೆಗೆ ರಕ್ತ ತೆಗೆದು, ಅದರಿಂದಲೇ ಔಷಧಿ ಕೊಡುತ್ತಾರೆ. ಎದೆನೋವಾದರೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ವೈದ್ಯರೇ ಒಪ್ಪಿಕೊಂಡಿರುವ ಕ್ರಮ. ಆಗದಿದ್ದರೆ ನೀವೇ ನೆನಪಿಸುವುದರಲ್ಲಿ ತಪ್ಪಿಲ್ಲ. ಬಟ್ಟೆ ಕತ್ತರಿಸಬೇಕಾಗಬಹುದು. ಕ್ರಿಮಿನಾಶಕ ಮೈಮೇಲೆ ಚೆಲ್ಲಿದ್ದರೆ ಬಟ್ಟೆಯನ್ನೆಲ್ಲ ತೆಗೆದು ಮೈ ತೊಳೆಯುತ್ತಾರೆ, ಏಕೆಂದರೆ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತಿರುತ್ತದೆ. ಒಡವೆಗಳನ್ನು ಬಿಚ್ಚಿ ಸಿಸ್ಟರ್ ಎದುರಿಗೇ ಎಣಿಸಿ ತೆಗೆದುಕೊಳ್ಳಿ.

ಕಾಯುವುದು ಶುರುವಾಗುವುದು ಇದರ ನಂತರ, ಸಂಬಂಧಿಕರ ತಾಳ್ಮೆ ತಪ್ಪುವುದೂ ಇಲ್ಲೇ. ಹಾವು ಕಚ್ಚಿದ ರೋಗಿಯನ್ನೇ ನೋಡಿ. ಸಿಸ್ಟರ್ ಸ್ವಲ್ಪ ರಕ್ತ ತೆಗೆದು, ಒಣಗಿದ ಶುದ್ಧ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ ನಿಲ್ಲಿಸಿ, ಗಡಿಯಾರ ನೋಡಿ ಸಮಯ ಬರೆದು ಬೇರೆ ಕೆಲಸಕ್ಕೆ ಹೋಗುತ್ತಾರೆ. ಹೊರಗೆ ನಿಂತವರಿಗೆ "ಇಪ್ಪತ್ತು ನಿಮಿಷದಿಂದ ಯಾರೂ ಮುಟ್ಟಿಲ್ಲ" ಎನಿಸುತ್ತದೆ. ವಾಸ್ತವದಲ್ಲಿ ಆ ಇಪ್ಪತ್ತು ನಿಮಿಷವೇ ಪರೀಕ್ಷೆ. ಆಮೇಲೆ ಕೊಳವೆಯನ್ನು ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿ ಅಂಟಿಕೊಂಡಿದ್ದರೆ ಒಂದು ದಾರಿ, ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ ಎಂದು ಇನ್ನೊಂದು ದಾರಿ. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದ್ದರೆ ಈ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು, ಆಗ ರೆಪ್ಪೆ ಜೋತು ಬೀಳುತ್ತದೆಯೇ, ನುಂಗಲು ಕಷ್ಟವಾಗುತ್ತದೆಯೇ ಎಂದು ಪದೇ ಪದೇ ನೋಡುತ್ತಿರುತ್ತಾರೆ. ವಿಷ ಏರಿಲ್ಲದವರಿಗೆ ವಿಷನಿರೋಧಕ ಕೊಡುವುದಿಲ್ಲ, ಏಕೆಂದರೆ ಆ ಔಷಧಿಗೇ ತೀವ್ರ ಅಲರ್ಜಿ ಆಗುವುದುಂಟು. ಆದರೆ ರೋಗಿಯನ್ನು ಸುಮಾರು ಒಂದು ದಿನ ಕಣ್ಗಾವಲಿನಲ್ಲಿಡುತ್ತಾರೆ. "ಚುಚ್ಚುಮದ್ದೂ ಕೊಡಲಿಲ್ಲ, ಮನೆಗೂ ಕಳಿಸಲಿಲ್ಲ" ಎಂಬ ದೂರಿಗೆ ಕಾರಣ ಇದು.

ಎದೆನೋವಿಗೂ ಇಂಥದೇ ಕಾಯುವಿಕೆ ಇದೆ. ಮೊದಲ ಇಸಿಜಿ ಸರಿಯಿದ್ದರೂ ಹೃದಯಕ್ಕೆ ಪೆಟ್ಟಾಗಿಲ್ಲ ಎಂದು ಹೇಳಲಾಗುವುದಿಲ್ಲ. ಹೃದಯದ ಸ್ನಾಯು ಹಾನಿಗೊಂಡಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಪದಾರ್ಥ ಏರಲು ಕೆಲವು ಗಂಟೆ ಬೇಕು. ಅದಕ್ಕೇ ಅದೇ ಪರೀಕ್ಷೆಯನ್ನು ಕೆಲವು ಗಂಟೆಗಳ ನಂತರ ಇನ್ನೊಮ್ಮೆ ಮಾಡುತ್ತಾರೆ. ದುಡ್ಡಿಗಾಗಿ ಎರಡು ಸಲ ಮಾಡಿದರು ಎಂದುಕೊಂಡು ಮೊದಲ ವರದಿ ನೋಡಿ ಎದ್ದುಹೋಗುವುದು ಅಪಾಯಕಾರಿ.

ಹಾಸಿಗೆಯ ಬಳಿ ಒಬ್ಬರೇ ನಿಲ್ಲಿ. ಬೆಳಗಿನಿಂದ ಸಂಜೆಯವರೆಗೆ ಅದೇ ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಆರು ಜನ ಸಂಬಂಧಿಕರಿಗೆ ಆರು ಸಲ ಹೇಳುವ ಹೊತ್ತಿಗೆ ವೈದ್ಯರ ಮಾತು ಆರು ಬಗೆಯಾಗಿರುತ್ತದೆ. ರಾತ್ರಿ ಹೊತ್ತು ಮೊದಲು ನೋಡುವವರು ಡ್ಯೂಟಿ ಡಾಕ್ಟರ್. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್, ಅಂದರೆ ತರಬೇತಿಯ ಕೊನೆಯ ವರ್ಷದ ವೈದ್ಯರು, ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು. ತಜ್ಞರನ್ನು ಅವರು ಫೋನಿನಲ್ಲಿ ಕೇಳುತ್ತಿರುತ್ತಾರೆ, ಬೇಕಾದಾಗ ಕರೆಸುತ್ತಾರೆ. "ದೊಡ್ಡ ಡಾಕ್ಟರು ಬರಲಿ" ಎಂದು ಹಟ ಹಿಡಿಯುವುದಕ್ಕಿಂತ "ತಜ್ಞರಿಗೆ ತಿಳಿಸಿದ್ದೀರಾ, ಅವರು ಏನೆಂದರು?" ಎಂದು ಕೇಳುವುದು ಫಲ ಕೊಡುತ್ತದೆ.

5. ಎಂಎಲ್‌ಸಿ: ಪೊಲೀಸರಿಗೆ ತಿಳಿಸುವ ಪ್ರಕರಣ

ರಸ್ತೆ ಅಪಘಾತ, ಹೊಡೆದಾಟ, ಸುಟ್ಟಗಾಯ, ವಿಷಸೇವನೆ ಮೊದಲಾದವು ಬಂದಾಗ ವೈದ್ಯರು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ, ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಅದು ಅವರ ಕರ್ತವ್ಯ. ನಿಮ್ಮ ಮೇಲೆ ಹೊರಿಸಿದ ಆರೋಪವಲ್ಲ. ಚಿಕಿತ್ಸೆ ಪೊಲೀಸರಿಗಾಗಿ ಕಾಯುವುದಿಲ್ಲ.

ನಾನು ಕಂಡ ಅತ್ಯಂತ ದುಬಾರಿ ತಪ್ಪು ಇಲ್ಲಿಯದು. ಬೈಕಿಗೆ ಕಾರು ಡಿಕ್ಕಿ ಹೊಡೆದಿರುತ್ತದೆ, "ಕೇಸು ಗೀಸು ಯಾಕೆ" ಎಂದು ಯಾರೋ ಬುದ್ಧಿ ಹೇಳಿ "ಮನೆ ಮೆಟ್ಟಿಲಿಂದ ಬಿದ್ದರು" ಎಂದು ಬರೆಸುತ್ತಾರೆ. ತಿಂಗಳ ನಂತರ ಕಾಲಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕೆಂದಾಗ ಪರಿಹಾರಕ್ಕಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ, ವಿಮಾ ಕಂಪನಿಯ ವಕೀಲರು ಮೊದಲು ಕೇಳುವುದೇ ಮೊದಲ ಆಸ್ಪತ್ರೆಯ ದಾಖಲೆಯನ್ನು. ಅದರಲ್ಲಿ ಮೆಟ್ಟಿಲು ಎಂದಿದ್ದರೆ ಮುಂದಿನ ದಾರಿ ಬಹಳ ಕಷ್ಟ. ನಡೆದದ್ದನ್ನು ನಡೆದಂತೆ, ಸ್ಥಳ ಮತ್ತು ಸಮಯ ಸಮೇತ ಹೇಳಿ, ಎಂಎಲ್‌ಸಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗುರುತಿಲ್ಲದ ಗಾಯಾಳುವನ್ನು ನೀವು ತಂದು ಸೇರಿಸಿದ್ದರೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ನಿಮಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲು ನಿಮ್ಮನ್ನು ಯಾರೂ ಬಲವಂತ ಮಾಡುವಂತಿಲ್ಲ.

ತಾವೇ ವಿಷ ಕುಡಿದವರ ಮನೆಯವರು ಕೇಸಿನ ಭಯದಿಂದ "ತಪ್ಪಿ ಕುಡಿದರು" ಎನ್ನುವುದುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ. ಎಷ್ಟು, ಯಾವಾಗ ಕುಡಿದರು ಎಂಬ ನಿಜವನ್ನು ವೈದ್ಯರಿಗೆ ಹೇಳಿ. ಜೀವ ಉಳಿದ ಮೇಲೆ ಮನೋವೈದ್ಯರ ಸಲಹೆ ಕೇಳಿ ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಅಥವಾ ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆಲ್ಲವೂ ತಕ್ಷಣದ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು.

6. ಸಹಿ ಹಾಕುವ ಮುನ್ನ

ಶಸ್ತ್ರಚಿಕಿತ್ಸೆ, ರಕ್ತ ಕೊಡುವುದು, ಉಸಿರಾಟದ ಯಂತ್ರ, ಇವಕ್ಕೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ರೋಗಿಗೆ ಪ್ರಜ್ಞೆಯಿದ್ದು ಅರ್ಥ ಮಾಡಿಕೊಳ್ಳಬಲ್ಲವರಾದರೆ ಒಪ್ಪಿಗೆ ಕೊಡಬೇಕಾದವರು ಅವರೇ. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸುವಂತೆ ಕೇಳಿ: ಏನು ಮಾಡುತ್ತೀರಿ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯೇ? ಖಾಲಿ ಬಿಟ್ಟ ಜಾಗಗಳಿರುವ ಪತ್ರಕ್ಕೆ ಸಹಿ ಹಾಕಬೇಡಿ. ಪ್ರಜ್ಞೆಯಿಲ್ಲದ ರೋಗಿಯ ಜೊತೆ ಯಾರೂ ಇಲ್ಲದಿದ್ದರೆ ಜೀವ ಉಳಿಸಲು ವೈದ್ಯರು ಒಪ್ಪಿಗೆಗಾಗಿ ಕಾಯುವುದಿಲ್ಲ.

ಇನ್ನೊಂದು ಸಹಿ ಇದೆ: ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತೇವೆ ಎಂಬುದು. ಆಸ್ಪತ್ರೆಯವರು ಇದನ್ನು ಲಾಮಾ ಅಥವಾ ಡಾಮಾ ಎನ್ನುತ್ತಾರೆ. ಇದು ನಿಮ್ಮ ಹಕ್ಕು, ಆದರೆ ಆಮೇಲಿನ ಹೊಣೆಯೂ ನಿಮ್ಮದೇ ಆಗುತ್ತದೆ, ವಿಮಾ ಕಂಪನಿ ತಕರಾರು ತೆಗೆಯಬಹುದು. ಹಣದ ಕಾರಣಕ್ಕೆ ಹೊರಡುತ್ತಿದ್ದರೆ ಲಾಮಾ ಬೇಡ, ಸರ್ಕಾರಿ ಆಸ್ಪತ್ರೆಗೆ ಉಲ್ಲೇಖ ಪತ್ರ (ರೆಫರಲ್ ಚೀಟಿ) ಕೊಡಿ ಎಂದು ಕೇಳಿ.

7. ಮುಂದೆಲ್ಲಿಗೆ

ಕೆಲವು ಗಂಟೆಗಳಲ್ಲಿ ನಾಲ್ಕರಲ್ಲೊಂದು ತೀರ್ಮಾನವಾಗುತ್ತದೆ: ಮನೆ, ಕೆಲವು ಗಂಟೆಗಳ ಕಣ್ಗಾವಲು, ವಾರ್ಡ್ ಅಥವಾ ತೀವ್ರ ನಿಗಾ ಘಟಕ, ಇಲ್ಲವೇ ಮೇಲಿನ ಆಸ್ಪತ್ರೆ. ಕೊನೆಯದರಲ್ಲಿ ಎಚ್ಚರ ಬೇಕು. ಆಂಬುಲೆನ್ಸ್ ಹತ್ತುವ ಮುನ್ನ ಕೇಳಬೇಕಾದವು ಇವು: ಹೋಗುವ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಇದೆಯೆಂದು ಖಚಿತಪಡಿಸಿಕೊಂಡಿದ್ದೀರಾ? ಅಲ್ಲಿ ಯಾರ ಜೊತೆ ಮಾತನಾಡಿದಿರಿ? ದಾರಿಯಲ್ಲಿ ಆಮ್ಲಜನಕ ಬೇಕೇ, ಸಿಲಿಂಡರ್ ಅಷ್ಟು ದೂರಕ್ಕೆ ಸಾಕಾಗುತ್ತದೆಯೇ? ಈವರೆಗೆ ಕೊಟ್ಟ ಔಷಧಿಗಳನ್ನು ಸಮಯ ಸಮೇತ ಉಲ್ಲೇಖ ಪತ್ರದಲ್ಲಿ ಬರೆದಿದ್ದೀರಾ? ಉತ್ತರಗಳು ಸಿಗದೆ ಹೊರಟವರು ನಗರದಲ್ಲಿ ಮೂರು ನಾಲ್ಕು ಬಾಗಿಲು ತಟ್ಟಿ ಬೆಳಗು ಮಾಡಿದ್ದಾರೆ.

ಬೆಂಗಳೂರಿಗೆ ಹೊರಟವರು ಹೃದಯವಾದರೆ ಜಯದೇವ, ಮೆದುಳು ಮತ್ತು ನರವಾದರೆ ನಿಮ್ಹಾನ್ಸ್, ಎಲುಬಾದರೆ ಸಂಜಯ್ ಗಾಂಧಿ ಆಸ್ಪತ್ರೆ ಎಂದುಕೊಳ್ಳುತ್ತಾರೆ. ಸ್ಥೂಲವಾಗಿ ಅದು ಸರಿ. ಆದರೆ ಅಪಘಾತದಲ್ಲಿ ತಲೆಯ ಜೊತೆ ಎದೆಗೂ ಹೊಟ್ಟೆಗೂ ಪೆಟ್ಟಾಗಿದ್ದರೆ, ವಿಕ್ಟೋರಿಯಾದಂತೆ ಎಲ್ಲ ವಿಭಾಗಗಳೂ ಒಂದೇ ಕಡೆ ಇರುವ ಆಸ್ಪತ್ರೆಯೇ ಮೊದಲು ಬೇಕಾಗಬಹುದು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಗಳೂರಿನ ವೆನ್ಲಾಕ್ ಕೂಡ ಅಂಥ ದೊಡ್ಡ ಆಸ್ಪತ್ರೆಗಳು. ಎಲ್ಲದಕ್ಕೂ ಬೆಂಗಳೂರೇ ಆಗಬೇಕೆಂದಿಲ್ಲ.

8. ಯೋಜನೆ ಮತ್ತು ವಿಮೆ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ; ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಉಲ್ಲೇಖ ಪತ್ರ ಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿಯೇ ಹೋಗಬಹುದು. ಆಸ್ಪತ್ರೆಗೆ ಕಾಲಿಟ್ಟ ದಿನವೇ, ಈ ಯೋಜನೆಯ ಕೆಲಸ ನೋಡಿಕೊಳ್ಳಲು ಅಲ್ಲಿರುವ 'ಆರೋಗ್ಯಮಿತ್ರ'ರನ್ನು ಹುಡುಕಿ ಪಡಿತರ ಚೀಟಿ, ಆಧಾರ್ ತೋರಿಸಿ. ಬಿಲ್ಲು ಕಟ್ಟಿದ ಮೇಲೆ ಹೋದರೆ ಆ ಹಣ ಹಿಂದಕ್ಕೆ ಬರುವುದನ್ನು ನಿರೀಕ್ಷಿಸಬೇಡಿ. ಮಾಹಿತಿಗೆ 104 ಸಹಾಯವಾಣಿ ಇದೆ.

ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನಗಳವರೆಗೆ ಒಬ್ಬರಿಗೆ 1.5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಎಂಎಲ್‌ಸಿ ಬರೆಸದೆ ಬಂದವರಿಗೆ ಇಲ್ಲಿಯೂ ತೊಡಕು ತಪ್ಪದು.

ಖಾಸಗಿ ವಿಮೆಯಿದ್ದರೆ ಆಸ್ಪತ್ರೆಯ ವಿಮಾ ಕೌಂಟರಿಗೆ ಕೂಡಲೇ ತಿಳಿಸಿ. ತುರ್ತು ದಾಖಲಾತಿಗೆ 24 ಗಂಟೆಯ ಗಡುವು ಇರುವ ಪಾಲಿಸಿಗಳೇ ಹೆಚ್ಚು. ನಗದುರಹಿತ ಕೋರಿಕೆಗೆ 1 ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಕಂಪನಿ ಉತ್ತರಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆದೇಶಿಸಿದೆ. "ಇನ್ನೂ ಅಪ್ರೂವಲ್ ಬಂದಿಲ್ಲ" ಎಂದು ಸಂಜೆಯವರೆಗೆ ಕೂರಿಸಿದರೆ ಕೋರಿಕೆ ಕಳಿಸಿದ ಸಮಯ ಯಾವುದೆಂದು ಕೇಳಿ. ಎಷ್ಟೋ ಸಲ ಅದನ್ನು ಆಸ್ಪತ್ರೆಯಿಂದ ಕಳಿಸಿಯೇ ಇರುವುದಿಲ್ಲ.

9. ಮನೆಗೆ ಹೊರಡುವಾಗ

ಬಿಡುಗಡೆಯ ಚೀಟಿಯನ್ನು ಬಾಗಿಲಲ್ಲಿ ಮಡಿಸಿ ಜೇಬಿಗಿಡಬೇಡಿ, ಸಿಸ್ಟರ್ ಎದುರಿಗೇ ಬಿಡಿಸಿ ಓದಿ. ರೋಗದ ಹೆಸರು, ಕೊಟ್ಟ ಔಷಧಿ, ಮುಂದಿನ ಮಾತ್ರೆಗಳು ಊಟಕ್ಕೆ ಮೊದಲೋ ನಂತರವೋ, ಮತ್ತೆ ಯಾವಾಗ ಬರಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಓಡಿಬರಬೇಕು. ಕೊನೆಯದನ್ನು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಚೀಲದಲ್ಲಿ ತಂದ ಪಟ್ಟಿಗಳನ್ನೇ ತೋರಿಸಿ ಕೇಳಿ. ಹಳೆಯದು ಮತ್ತು ಹೊಸದು ಬೇರೆ ಬೇರೆ ಕಂಪನಿಯ ಒಂದೇ ಔಷಧಿಯಾಗಿದ್ದು, ಎರಡನ್ನೂ ನುಂಗಿ ಮೂರನೆಯ ದಿನ ಬಿಪಿ ಕುಸಿದು ಮತ್ತೆ ಸ್ಟ್ರೆಚರ್ ಮೇಲೆ ಬರುವವರಿದ್ದಾರೆ. ಎಕ್ಸ್‌ರೇ, ಸ್ಕ್ಯಾನ್ ಫಿಲಂ, ಇಸಿಜಿ ಎಲ್ಲವನ್ನೂ ಕೇಳಿ ಪಡೆಯಿರಿ. ಇಸಿಜಿಯ ಕಾಗದ ದಿನ ಕಳೆದಂತೆ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ.

ನಾಯಿ ಕಡಿತಕ್ಕೆ ಬಂದವರ ಚೀಟಿಯಲ್ಲಿ ಮುಂದಿನ ಚುಚ್ಚುಮದ್ದಿನ ದಿನಾಂಕಗಳಿರುತ್ತವೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನದ ನಂತರ 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಇವುಗಳ ಜೊತೆ 14ನೆಯ ದಿನವೂ ಸೇರುತ್ತದೆ. ಗಾಯ ಒಣಗಿತೆಂದು 28ನೆಯ ದಿನದ್ದನ್ನು ಬಿಡುವವರು ಬಹಳ. ಆ ಚೀಟಿ ಹಿಡಿದು ಅದೇ ಆಸ್ಪತ್ರೆಗೆ ಬರಬೇಕೆಂದೇನೂ ಇಲ್ಲ, ಉಳಿದ ಚುಚ್ಚುಮದ್ದುಗಳನ್ನು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹಾಕಿಸಿಕೊಳ್ಳಬಹುದು. ಹೋಗುವ ಮುನ್ನ ಆಶಾ ಕಾರ್ಯಕರ್ತೆಯನ್ನು ಕೇಳಿ ಲಸಿಕೆ ದಾಸ್ತಾನಿದೆಯೇ ಎಂದು ತಿಳಿದುಕೊಳ್ಳಿ.